ಉಸಿರುಹೂವಿನ ತುದಿಮೊಗ್ಗು

ಬೆಟ್ಟಗಳೆಲ್ಲ ಇನ್ನೂ ಮೊಣಕಾಲುದ್ದ ಇದ್ದ ಕಾಲದಲ್ಲಿ, ಮೋಡಗಳು ಕೆರೆಗಿಳಿದು ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ, ಕೇದಗೆಪುರ ಅಂತ ಒಂದು ರಾಜ್ಯವಿತ್ತು. ಅದನ್ನು ಹೊನ್ನರಸ ಎಂಬ ದೊರೆ ಆಳುತ್ತಿದ್ದ. ಅವನಿಗೆ ಒಬ್ಬಳೇ ಮಗಳು, ಹೊನ್ನಾಜಮ್ಮಣ್ಣಿ. ಊರೆಲ್ಲ ಅವಳನ್ನು ಅಮ್ಮಣ್ಣಿ ಎಂದೇ ಕರೆಯುತ್ತಿತ್ತು.

ಆ ರಾಜ್ಯದಲ್ಲಿ ಒಂದು ಪದ್ಧತಿಯಿತ್ತು. ಅರಮನೆಯಲ್ಲಿ ಮಗು ಹುಟ್ಟಿದ ದಿನ ತೋಟದಲ್ಲಿ ಒಂದು ಗೆಡ್ಡೆ ನೆಡುತ್ತಿದ್ದರು. ಅದರ ಹೆಸರು ಉಸಿರುಹೂ. ಮಗು ಬೆಳೆದಂತೆ ಗಿಡ ಬೆಳೆಯುತ್ತಿತ್ತು. ಮಗು ಹರೆಯಕ್ಕೆ ಬಂದಾಗ ಗಿಡದ ನಡುವಿನಿಂದ ಒಂದೇ ಒಂದು ದಂಟು ಏಳುತ್ತಿತ್ತು, ದಂಟಿನ ತುಂಬ ಮೊಗ್ಗು. ಬುಡದ ಮೊಗ್ಗು ಮೊದಲು ಅರಳಬೇಕು, ಅದರ ಮೇಲಿನದು ಆಮೇಲೆ, ಕಟ್ಟಕಡೆಗೆ ತುದಿಮೊಗ್ಗು. ತುದಿಮೊಗ್ಗು ಅರಳಿತೋ, ಮಗುವಿನ ಉಸಿರು ಮಗುವಿನ ಕೈಗೆ ಬಂತು. ಅಲ್ಲಿಯವರೆಗೆ ಉಸಿರೆಲ್ಲ ಆ ದಂಟಿನಲ್ಲೇ.

ಅರಮನೆಯ ತೋಟದಲ್ಲಿ ಹೂ ಕೊಯ್ಯುವ ತರುಣನೊಬ್ಬನಿದ್ದ. ಅವನ ಹೆಸರು ಮುದ್ದೀರ. ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ, ಅದು ನಿಜ. ಉಳಿದವರು ಅರ್ಧ ಬುಟ್ಟಿ ತುಂಬುವಷ್ಟರಲ್ಲಿ ಅವನ ಬುಟ್ಟಿ ತುಂಬಿ ತುಳುಕುತ್ತಿತ್ತು. ಆದರೆ ಬುಟ್ಟಿಗಿಂತ ಬಾಯಿ ದೊಡ್ಡದು. ಎದೆ ಮುಂದೆ, ಕತ್ತು ಹಿಂದೆ, ಕಣ್ಣು ಆಕಾಶದಲ್ಲಿ ಇಟ್ಟುಕೊಂಡು ನಡೆಯುವನು. ದಿನಾ ಎಡವುವನು. ಎಡವಿದರೆ ಕಲ್ಲಿಗೇ ಬೈಯುವನು.

"ಏಯ್, ನನ್ನ ಕೈಲಿ ಕೊಯ್ಸಿಕೊಂಡ ಹೂ ಬಾಡಲ್ಲ ಕಣ್ರೋ! ಬಾಡಿದ್ದನ್ನ ಯಾರಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ."

ಅವನು ನೋಡಿರಲಿಲ್ಲ, ಅದೂ ನಿಜ. ಹೊತ್ತು ಮೂಡುವ ಮುಂಚೆ ಕೊಯ್ದು, ಬುಟ್ಟಿಯನ್ನು ಅರಮನೆಯ ಬಾಗಿಲಲ್ಲಿ ಇಳಿಸಿ, ಗಂಜಿ ಕುಡಿದು ಹುಣಸೆಮರದ ಕೆಳಗೆ ಮಲಗಿದರೆ ಅವನು ಏಳುತ್ತಿದ್ದದ್ದು ಸಂಜೆಗೆ. ಮಧ್ಯಾಹ್ನದ ಹೂ ಹೇಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಅಮ್ಮಣ್ಣಿಯ ಉಸಿರುಹೂವಿನ ಬುಡದ ಮೊಗ್ಗು ಅರಳಿದ ದಿನ ದೊರೆ ತೋಟದಲ್ಲೇ ಓಲಗ ನಡೆಸಿದ. ಊರಿಗೆ ಊರೇ ಬಂತು. ಹೂ ನೋಡಲು ಬರುವವರು ಬರಿಗೈಲಿ ಬರುತ್ತಾರೆಯೇ? ಹೂವಿದ್ದಲ್ಲಿ ಹಣ್ಣು ಇರಲೇಬೇಕು. ಕೇದಗೆಪುರದವರು ಹೂ ಹಣ್ಣು ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು, ಒಂದೇ ಮಾತಾಗಿ 'ಹೂಹಣ್ಣು' ಎನ್ನುವವರು.

ಬಂದವರ ನಡುವೆ ಹಣ್ಣಿನ ವ್ಯಾಪಾರಿಯೊಬ್ಬನಿದ್ದ. ನರೆತ ಗಡ್ಡ, ಗೂನು ಬೆನ್ನು, ತಲೆಗೆ ರೇಷ್ಮೆಯ ರುಮಾಲು. ನಿಜ ಹೇಳಬೇಕೆಂದರೆ ಅವನು ವ್ಯಾಪಾರಿಯೇ ಅಲ್ಲ. ಕಮರಾಕ್ಷ ಎಂಬ ಮಾಂತ್ರಿಕ. ಬೇರೆಯವರ ಆಯಸ್ಸನ್ನು ಕುಡಿದು ಬದುಕುವವನು. ನಮಗೆ ಗೊತ್ತು, ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಅವನ ಬೆಳ್ಳಿತಟ್ಟೆಯಲ್ಲಿ ಒಂದೇ ಒಂದು ಬಾಳೆಹಣ್ಣಿತ್ತು. ಮೊಳದುದ್ದ, ಹೊನ್ನಿನ ಬಣ್ಣ. ಅದರ ಘಮಕ್ಕೆ ತೋಟದ ದುಂಬಿಗಳೆಲ್ಲ ದಾರಿ ತಪ್ಪಿದವು.

"ಬಡವನ ಕಾಣಿಕೆ ದೊರೆ," ಎಂದು ಅವನು ಬಗ್ಗಿದ. "ನನ್ನ ಬಾಳೇ ಇದು. ಅಮ್ಮಣ್ಣಿಯ ಹೂವಿನ ಪಕ್ಕದಲ್ಲೇ ಇರಲಿ."

ಎಷ್ಟು ವಿನಯ ಈ ಮುದುಕನಿಗೆ ಎಂದು ಎಲ್ಲರೂ ತಲೆದೂಗಿದರು. ಅವನು ತುಟಿಯ ಕೊನೆಯಲ್ಲಿ ಒಂದಿಷ್ಟು ನಕ್ಕ. ಆಮೇಲೆ ತೋಟವನ್ನೆಲ್ಲ ನೋಡಿ ನಿಟ್ಟುಸಿರಿಟ್ಟ.

"ಚೆಂದದ ತೋಟ. ಏನು ಮಾಡೋದು, ಕೊಯ್ದ ಹೂ ಎಲ್ಲ ಕಡೆಯೂ ಬಾಡೋದೇ. ನಿಮ್ಮಲ್ಲೂ ಹಂಗೇ ಏನೋ."

ಮುದ್ದೀರನಿಗೆ ಇಷ್ಟು ಸಾಕಾಯಿತು. "ಹಂಗನ್ನಬೇಡಿ ಯಜಮಾನ್ರೇ! ನಾನು ಕೊಯ್ದರೆ ಬಾಡಲ್ಲ."

"ಯಾವ ಹೂವಾದರೂನಾ?"

"ಯಾವ ಹೂವಾದರೂ!"

"ಅದಾ?" ಎಂದು ಮುದುಕ ಉಸಿರುಹೂವಿನ ಕಡೆ ಬೆರಳು ಮಾಡಿದ.

ಮುದ್ದೀರ ತಬ್ಬಿಬ್ಬಾದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ನೋಡ್ರಪ್ಪಾ, ಮುದ್ದೀರನ ಬಾಯಿ ಬಿದ್ದುಹೋಯ್ತು!" ಎಂದರು. ಜನವೆಲ್ಲ ಗೊಳ್ಳೆಂದಿತು. ಆ ನಗು ಕಿವಿಗೆ ಬಿದ್ದದ್ದೇ ತಡ, ಬುದ್ಧಿ ಬೇಡ ಎನ್ನುವ ಮುಂಚೆಯೇ ಕೈ ಮುಂದೆ ಹೋಯಿತು. ಸೊಂಟದ ಕುಡುಗೋಲು ಚಕ್ಕೆಂದಿತು.

ದಂಟು ಅವನ ಕೈಯಲ್ಲಿತ್ತು.

ಪೀಠದ ಮೇಲೆ ಕೂತಿದ್ದ ಅಮ್ಮಣ್ಣಿಯ ಕತ್ತು ಹೂವಿನ ಕತ್ತಿನ ಹಾಗೆಯೇ ವಾಲಿತು. ನಗುತ್ತಿದ್ದವರ ಬಾಯಿ ತೆರೆದಿದ್ದ ಹಾಗೆಯೇ ನಿಂತಿತು.

"ಅಯ್ಯಯ್ಯೋ! ಮುದುಕ ತಮಾಷೆಗೆ ಅಂದರೆ ಈ ಹುಡುಗ ಇಂಥ ಕೆಲಸ ಮಾಡೋದಾ!" ಎಂದು ಕಮರಾಕ್ಷ ಎದೆ ಬಡಿದುಕೊಂಡ.

ದೊರೆ ಕತ್ತಿ ಹಿರಿದ. ಅಮ್ಮಣ್ಣಿ ಕ್ಷೀಣವಾದ ದನಿಯಲ್ಲಿ ತಡೆದಳು. "ಅಪ್ಪಾಜಿ, ಅವನನ್ನ ಕಡಿದರೆ ದಂಟು ಬೇರಿಗೆ ಅಂಟುತ್ತದೆಯೇ? ಬಿಡಿ. ಕೊಯ್ದವನೇ ನೋಡಿಕೊಳ್ಳಲಿ. ಬಾಡಲ್ಲ ಅಂದನಲ್ಲ."

ಕತ್ತಿಯೇ ಬಿದ್ದಿದ್ದರೆ ಎಷ್ಟೋ ಮೇಲಿತ್ತು ಅನ್ನಿಸಿತು ಮುದ್ದೀರನಿಗೆ. ಅವನ ಕತ್ತು ತಾನಾಗಿಯೇ ಬಗ್ಗಿತು. ಯಾರೂ ಶಾಪ ಕೊಡಲಿಲ್ಲ, ಯಾರೂ ಮಂತ್ರ ಹಾಕಲಿಲ್ಲ. ಬಗ್ಗಿತು, ಎತ್ತಲಾಗಲಿಲ್ಲ.

ದಂಟನ್ನು ಹಿತ್ತಾಳೆಯ ಹೂದಾನಿಯಲ್ಲಿ ನೀರು ತುಂಬಿ ಅಮ್ಮಣ್ಣಿಯ ಮಂಚದ ಪಕ್ಕ ಇಟ್ಟರು. ಅದರ ಮಗ್ಗುಲಿಗೆ, ಪದ್ಧತಿಯಂತೆ, ಬೆಳ್ಳಿತಟ್ಟೆಯ ಬಾಳೆಹಣ್ಣು. ಬಾಗಿಲು ಕಾಯಲು ರುದ್ರೋಜಿ ಎಂಬ ಭಟ ನಿಂತ. ಕಾಡಿಗೆ ಹಚ್ಚಿದ ಹಾಗೆ ಕಪ್ಪಗಿದ್ದ ಅವನ ಹುರಿಮೀಸೆ ಊರಿಗೇ ಪ್ರಸಿದ್ಧ.

ಅಂದು ಮಧ್ಯಾಹ್ನ ಮುದ್ದೀರ ಮಲಗಲಿಲ್ಲ. ಬಾಗಿಲ ತೋರಣದಲ್ಲಿ ಕೆಂಪು ಹೂಗಳು ಕತ್ತು ಚೆಲ್ಲಿ ನೇತಾಡುತ್ತಿದ್ದವು, ಅಂಚೆಲ್ಲ ಕಂದು.

"ಇದು ಯಾವತ್ತಿನ ಹೂ ರುದ್ರೋಜಣ್ಣ?"

"ಇವತ್ತಿನದೇ. ನೀನೇ ಬೆಳಿಗ್ಗೆ ಕೊಯ್ದು ತಂದೆಯಲ್ಲ."

"ದಿನಾ ಹಿಂಗೇನಾ?"

"ದಿನಾ ಹಿಂಗೇ. ಸಂಜೆಗೆ ಗುಡಿಸಿ ಗುಂಡಿಗೆ ಹಾಕ್ತಾರೆ."

"ಯಾರೂ ನನಗೆ ಹೇಳಲೇ ಇಲ್ಲ."

"ನೀನು ಯಾವತ್ತು ಕೇಳಿದ್ದೆಯೋ ಮಾರಾಯ?" ಎಂದ ರುದ್ರೋಜಿ, ಮೀಸೆ ತಿರುವಿ.

ಮುದ್ದೀರನ ಮುಖ ಸುಟ್ಟಹಾಗಾಯಿತು. ಇಷ್ಟು ವರ್ಷ ಕೂಗಿ ಕೂಗಿ ಹೇಳಿದ್ದ ಮಾತಿಗೆ ಊರಿನವರು ನಕ್ಕದ್ದು ಯಾಕೆಂದು ಈಗ ಹೊಳೆಯಿತು. ಬಗ್ಗಿದ ಕತ್ತಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಹೂದಾನಿಯ ನೀರೊಂದೇ. ಅದನ್ನೇ ನೋಡಿದ. ಬೆಳಗಿನಿಂದ ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ನೀರಲ್ಲಿ ನಿಂತೇ ದಂಟು ಬಾಯಾರಿ ಸೊರಗುತ್ತಿತ್ತು.

ಅವನು ಕೆರೆಗೆ ಓಡಿದ. ಹೊಸನೀರು ತಂದರೆ ಕುಡಿದೀತು ಎಂದುಕೊಂಡ. ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದವರು ಕಂಡವರೇ ಕೂಗಿದರು:

"ಓಹೋ, ಬಾಡದ ಹೂವಿನ ಸರದಾರರು ಬಂದರು! ದಾರಿ ಬಿಡ್ರೋ!"

"ಏನು ಸರದಾರ್ರೇ, ಇವತ್ತು ನೆಲ ಅಳೀತಿದ್ದೀರಾ?"

ಬೇರೆ ದಿನವಾಗಿದ್ದರೆ ಒಂದಕ್ಕೆ ಹತ್ತು ತಿರುಗಿಸುತ್ತಿದ್ದ. ಈಗ ತಲೆ ತಗ್ಗಿಸಿ ನಡೆದ. ತಲೆ ತಗ್ಗಿಸಿದ್ದರಿಂದಲೇ ಏರಿಯ ಬುಡದ ದೊಡ್ಡ ಬಿಲ ಅವನಿಗೆ ಕಂಡಿತು. ಅದರೊಳಗೆ ಏಡಿಗಳ ಅರಸನಿದ್ದ. ಅವನ ಒಂದೊಂದು ಕೊಂಡಿ ಒಂದೊಂದು ನೇಗಿಲಿನಷ್ಟು.

"ಯಾರಲೇ ಅದು ನನ್ನ ಬಾಗಿಲಿಗೆ ನೆರಳು ಮಾಡೋನು?"

ನಾನು ಕೇದಗೆಪುರದ ಹೂ ಕೊಯ್ಯುವವರಲ್ಲೇ ಮೊದಲಿಗ ಎಂಬ ಮಾತು ಅಭ್ಯಾಸಬಲದಿಂದ ಗಂಟಲಿಗೆ ಬಂತು. ಅಲ್ಲೇ ಸಿಕ್ಕಿಕೊಂಡಿತು. "ಅಮ್ಮಣ್ಣಿಯ ದಂಟು ಕೊಯ್ದವನು," ಎಂದ.

"ಹೋ, ಅವನು ನೀನೇನೋ? ನೀರಿನ ಮೇಲೆಲ್ಲ ನಿನ್ನದೇ ಸುದ್ದಿ. ದಂಟು ನೀರು ಕುಡೀತಿಲ್ಲ, ಅಲ್ಲವಾ? ಹೆಂಗೆ ಕುಡಿದೀತು? ಮೊಂಡು ಕುಡುಗೋಲಲ್ಲಿ, ಬಯಲ ಗಾಳಿಯಲ್ಲಿ ಕೊಯ್ದೆ. ಕೊಯ್ದ ಗಳಿಗೆಯಲ್ಲಿ ಅದು ನೀರು ನೀರು ಅಂತ ಬಾಯಿ ತೆರೆದು ಎಳಕೊಂಡಿತು. ಸಿಕ್ಕಿದ್ದು ಗಾಳಿ. ಈಗ ಗಂಟಲಲ್ಲಿ ಗಾಳಿಗುಳ್ಳೆ ಕೂತಿದೆ."

"ಈಗೇನು ಮಾಡಲಿ ಅರಸ?"

"ಕೈ ಕೊಡು."

ಮುದ್ದೀರ ಕೈಯನ್ನು ಕೊಂಡಿಯೊಳಗೆ ಇಟ್ಟ. ಏಡಿ ಮೆಲ್ಲನೆ ಒತ್ತಿತು. "ಅಲುಗಾಡಿದರೆ ಬೆರಳು ನನ್ನದು. ಕೊಯ್ಯೋ ಕೈ ಹೆಂಗೆ ನಿಲ್ಲಬೇಕು ಅಂತ ನಿನಗೆ ಯಾರೂ ಹೇಳಿಕೊಟ್ಟಿಲ್ಲ." ಚರ್ಮ ಹರಿಯಿತು, ರಕ್ತ ಬಂತು. ಮುದ್ದೀರ ಹಲ್ಲು ಕಚ್ಚಿ ನಿಂತ. ಕೈ ಅಲುಗಲಿಲ್ಲ. ಏಡಿಯರಸ ಮೆಚ್ಚಿ ತನ್ನ ಕೊಂಡಿಯ ಅಂಚಿನಿಂದ ಒಂದು ಚೂರು ಮುರಿದು ಕೊಟ್ಟ. ಕೂದಲನ್ನು ಉದ್ದುದ್ದಕ್ಕೆ ಸೀಳುವಂಥ ಚೂರು.

"ನೀರೊಳಗೇ ಕೊಯ್ಯಿ. ಓರೆಯಾಗಿ ಕೊಯ್ಯಿ. ಜಜ್ಜಬೇಡ. ಹೋಗು."

ಮುದ್ದೀರ ಅರಮನೆಗೆ ಬಂದು, ದಂಟಿನ ಬುಡವನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ, ಒಂದು ಬೆರಳಗಲ ಓರೆಯಾಗಿ ಕೊಯ್ದ. ದಂಟಿನ ಬಾಯಿಂದ ಸಾಸಿವೆಯಷ್ಟು ಗುಳ್ಳೆ ಬಂದು ಟಪ್ಪೆಂದು ಒಡೆಯಿತು. ಅದರೊಳಗಿಂದ ಒಂದು ಪುಟ್ಟ ಗಾಳಿಮರಿ ಎದ್ದು, ಸಿಳ್ಳೆ ಹಾಕುತ್ತಾ ಕಿಟಕಿಯಿಂದ ಹಾರಿಹೋಯಿತು. ಹೂದಾನಿಗೆ ಇಟ್ಟ ತಕ್ಷಣ ದಂಟು ಗಟಗಟನೆ ಕುಡಿಯಿತು. ಅಮ್ಮಣ್ಣಿ ದಿಂಬಿನಿಂದ ತಲೆ ಎತ್ತಿ, "ಹಸಿವಾಗ್ತಿದೆ," ಎಂದಳು. ಎರಡನೆಯ ಮೊಗ್ಗು ಅರಳಿತು.

ಅಷ್ಟು ಸಾಕಾಯಿತು, ಮುದ್ದೀರನ ಕತ್ತು ಸಟ್ಟನೆ ನೆಟ್ಟಗಾಯಿತು! "ನೋಡಿದೆಯಾ ರುದ್ರೋಜಣ್ಣ? ಮುದ್ದೀರ ಅಂದರೆ ಸುಮ್ಮನೇನಾ? ಏಡಿಯರಸನ ಕೊಂಡಿಯೊಳಗೆ ಕೈಯಿಟ್ಟು ಬಂದವನು ನಾನು!" ಎಂದು ಬೀದಿಗಿಳಿದ. ಕಟ್ಟೆ ಕಟ್ಟೆಯ ಮೇಲೂ ಕೂತು ಏಡಿಯ ಕತೆ ಹೇಳಿದ. ಒಂದೊಂದು ಕಟ್ಟೆಗೂ ಏಡಿ ದೊಡ್ಡದಾಗುತ್ತಾ ಹೋಯಿತು. ಕಡೆಯ ಕಟ್ಟೆಯಲ್ಲಿ ಅದು ಆನೆಯನ್ನು ನುಂಗುವಷ್ಟಾಗಿತ್ತು. ಹೂದಾನಿಯ ನೆನಪು ಬಂದದ್ದು ಮರುದಿನ ಸಂಜೆಗೆ.

ಕೋಣೆಯ ಬಾಗಿಲಲ್ಲೇ ನಾತ ಹೊಡೆಯಿತು.

"ಬಂದೆಯಾ ಮುದ್ದೀರ," ಎಂದಳು ಅಮ್ಮಣ್ಣಿ. ಬೈಯಲಿಲ್ಲ. "ನಿನ್ನೆಯಿಂದ ನನ್ನ ಬಾಯಲ್ಲಿ ಪಾಚಿಯ ರುಚಿ."

ದಂಟಿನ ಕೆಳಗಿನ ಎಲೆಗಳು ನೀರೊಳಗೇ ಮುಳುಗಿ ಕೊಳೆತಿದ್ದವು. ನೀರು ಲೋಳೆಯಾಗಿತ್ತು. ಆ ಲೋಳೆಗೆ ಎರಡು ಕಣ್ಣಿದ್ದವು. ಅದು ಲೋಳೆಭೂತ. ದಂಟಿನ ಬಾಯಿಗೆ ಬಾಯಿಟ್ಟು ಕುಳಿತಿತ್ತು. ಹಾಸಿಗೆಯಲ್ಲಿದ್ದ ಹುಡುಗಿ ಒಂದು ಹಗಲು ಒಂದು ರಾತ್ರಿ ಕೊಳಕು ನೀರು ಸವಿಯುತ್ತಾ, ಇವನ ಜಂಭವನ್ನು ಬೀದಿಯಿಂದ ಕೇಳಿಸಿಕೊಳ್ಳುತ್ತಾ ಬಿದ್ದಿದ್ದಳು. ಮುದ್ದೀರನ ಕತ್ತು ಮತ್ತೆ ಬಗ್ಗಿತು. ಈ ಸಲ ಇನ್ನೂ ಕೆಳಕ್ಕೆ.

ಹೂದಾನಿಯನ್ನು ಬಾವಿಕಟ್ಟೆಗೆ ಒಯ್ದ. ಬೂದಿ ಹುಣಸೆಹಣ್ಣು ಹಾಕಿ ಮುಖ ಕಾಣುವ ಹಾಗೆ ಉಜ್ಜಿದ. ನೀರಿಗೆ ತಾಗುವ ಎಲೆಗಳನ್ನೆಲ್ಲ ಬಿಡಿಸಿದ. ಲೋಳೆಭೂತ ಬಚ್ಚಲಲ್ಲಿ ಕೊಚ್ಚಿಹೋಯಿತು. ಹೋಗುವಾಗ, "ನಾಳೆ ಬರ್ತೀನಿ," ಎಂದು ಹೇಳಿಯೇ ಹೋಯಿತು. ದಂಟು ನೀರು ಕುಡಿಯಿತು. ಆದರೆ ಮೊಗ್ಗುಗಳು ಬಿಗಿದುಕೊಂಡೇ ಇದ್ದವು. ಬೇರಿಲ್ಲ, ಎಲೆಯಿಲ್ಲ, ಉಣಿಸುವವರು ಯಾರು? ಹಸಿದ ಹೊಟ್ಟೆಯಲ್ಲಿ ಯಾವ ಮೊಗ್ಗು ಅರಳೀತು?

ಹೂವಿನ ಊಟ ಗೊತ್ತಿದ್ದರೆ ಜೇನಿಗೆ ಗೊತ್ತು ಎಂದುಕೊಂಡು ಅವನು ಕರಿಬಂಡೆಗೆ ಹೋದ. ಅಲ್ಲಿ ಹೆಜ್ಜೇನು ಕುರಿಗಾತ್ರದ ಹುಟ್ಟು ಕಟ್ಟಿತ್ತು. ನಡುವೆ ರಾಣಿ.

"ಬಂದೆಯಾ, ಬುಟ್ಟಿಯವನೇ," ಎಂದಿತು ರಾಣಿಜೇನು. "ನಾವು ಬಾಯಿಡುವ ಮುಂಚೆಯೇ ತೋಟ ಬೋಳಿಸುವವನು ನೀನೇ ಅಲ್ಲವೇ? ಮೈಮೇಲೆ ಕೂರುತ್ತೇವೆ. ನಾವು ಏನು ಅಂದರೂ ತುಟಿ ಬಿಚ್ಚಬಾರದು. ಬಿಚ್ಚಿದರೆ ಬಾಯೊಳಗೇ ಗೂಡು."

ಹಿಂಡಿಗೆ ಹಿಂಡೇ ಇಳಿದು ಅವನ ಮೈತುಂಬ ಕೂತಿತು. ಆಮೇಲೆ ಶುರುವಾಯಿತು.

"ಇವನ ಕೊಯ್ಲು ಬಲು ಮೊದ್ದು ಕಣೇ."

"ಬುಟ್ಟಿ ತುಂಬೋಕೆ ಎಲೆ ಸೇರಿಸ್ತಾನಂತೆ."

ಅದು ಶುದ್ಧ ಸುಳ್ಳು. ಒಂದು ಎಲೆಯನ್ನೂ ಅವನು ಯಾವತ್ತೂ ಸೇರಿಸಿರಲಿಲ್ಲ. ಉತ್ತರ ಎದೆಯಿಂದ ಎದ್ದು ಹಲ್ಲಿಗೆ ಬಂದು ಬಡಿಯಿತು.

"ಏಡಿಯ ಮುಂದೆ ಅತ್ತನಂತೆ. ಅವ್ವಾ ಅವ್ವಾ ಅಂದನಂತೆ."

ಮುದ್ದೀರನ ಕಣ್ಣಲ್ಲಿ ನೀರು ಬಂತು. ಕುಟುಕಿಗೆ ಬಂದ ನೀರಲ್ಲ ಅದು, ಒಂದು ಜೇನೂ ಕುಟುಕಿರಲಿಲ್ಲ. ಇಷ್ಟೊಂದು ಮಾತು ನುಂಗಿ ಅವನಿಗೆ ಅಭ್ಯಾಸವಿರಲಿಲ್ಲ. ನುಂಗಿದ. ಮಂಚದಲ್ಲಿದ್ದವಳು ಪಾಚಿ ನುಂಗಿದ್ದಳು, ಇದೆಷ್ಟರದು?

ರಾಣಿಜೇನು ಅವನ ಅಂಗೈಗೆ ಕೆಲವು ತೊಟ್ಟು ಜೇನಿಟ್ಟಿತು. "ದಿನಕ್ಕೊಂದೇ ತೊಟ್ಟು ಸಾಕು, ಬಿಂದಿಗೆಗಟ್ಟಲೆ ಸುರಿಯಬೇಡ. ಜೊತೆಗೆ ನಾಲ್ಕು ಹನಿ ನಿಂಬೆಹುಳಿ. ಸಿಹಿ ಹೂವಿಗೆ, ಹುಳಿ ಆ ಲೋಳೆಯವನಿಗೆ. ದಿನಾ ನೀರು ಬದಲಾಯಿಸು, ದಿನಾ ದಂಟಿನ ಬಾಯಿ ಚೂರೇ ಚೂರು ಹೊಸದಾಗಿ ಕೊಯ್ಯಿ."

ಹಾಗೆಯೇ ಮಾಡಿದ. ಹೇಳಿದಂತೆ ಬಂದ ಲೋಳೆಭೂತ ನಿಂಬೆಯ ಹುಳಿಗೆ ಮೂತಿ ಸುಟ್ಟುಕೊಂಡು ಓಡಿತು. ಮೊಗ್ಗುಗಳು ಒಂದರ ಮೇಲೊಂದು ಕಣ್ಣು ಬಿಟ್ಟವು. ಅಮ್ಮಣ್ಣಿ ಎದ್ದು ಕೂತಳು, ಅನ್ನ ಉಂಡಳು. ಮುದ್ದೀರ ಈ ಸಲ ಬೀದಿಗಿಳಿಯಲಿಲ್ಲ.

"ಏನಪ್ಪಾ, ಜೇನಿನ ಕತೆ ಹೇಳೋಕೆ ಹೋಗಲ್ವಾ?" ಎಂದು ಅಮ್ಮಣ್ಣಿಯೇ ಕೆಣಕಿದಳು.

"ನೀರು ನೋಡ್ಬೇಕು ಅಮ್ಮಣ್ಣಿ," ಎಂದ, ನೆಲ ನೋಡುತ್ತಲೇ.

ತುದಿಗೆ ಇನ್ನೊಂದೇ ಮೊಗ್ಗು ಉಳಿದಿತ್ತು. ಆಗ ಎಲ್ಲ ಕೆಟ್ಟಿತು. ನೀರು ತಿಳಿಯಾಗಿತ್ತು, ದಂಟು ಕುಡಿಯುತ್ತಿತ್ತು, ಸಿಹಿಯಿತ್ತು, ಹುಳಿಯಿತ್ತು. ಆದರೂ ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನಕ್ಕೆ ಮುದುಡಿ ಉದುರಿತು. ತುದಿಮೊಗ್ಗು ಅರಳದೆಯೇ ಹಳದಿಯಾಗತೊಡಗಿತು. ಅಮ್ಮಣ್ಣಿಯ ಕಪ್ಪು ಕೂದಲಲ್ಲಿ ಬಿಳಿ ಎಳೆಗಳು ಎದ್ದವು, ಕೈಯ ಚರ್ಮ ಸುಕ್ಕಾಯಿತು. ರುದ್ರೋಜಿಯ ಮೀಸೆ ಹತ್ತಿಯಂತೆ ಬೆಳ್ಳಗಾಯಿತು.

"ಚಿಂತೆ ಕಣೋ, ಚಿಂತೆಗೆ ನರೆತುಬಿಟ್ಟಿತು," ಎಂದ ರುದ್ರೋಜಿ, ಮೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು.

ಮುದುಕ ವ್ಯಾಪಾರಿ ದಿನವೂ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಅವನ ಗೂನು ಹೋಗಿತ್ತು, ಗಡ್ಡ ಕಪ್ಪಾಗುತ್ತಿತ್ತು. ಕೇದಗೆಪುರದ ನೀರು ತುಂಬ ಒಳ್ಳೆಯದು ಎನ್ನುತ್ತಿದ್ದ. ಹೋಗುವ ಮುಂಚೆ ತಪ್ಪದೆ ತಟ್ಟೆಯನ್ನು ಹೂದಾನಿಯ ಹತ್ತಿರಕ್ಕೆ ಸರಿಸುತ್ತಿದ್ದ.

ಮುದ್ದೀರ ತಲೆ ಬಗ್ಗಿಸಿ ಕೂತಿದ್ದವನು ನೆಲವನ್ನೇ ನೋಡುತ್ತಿದ್ದ. ನೆಲದ ಮೇಲೆ ಊರವರು ತಂದಿಟ್ಟ ಹಣ್ಣುಗಳಿದ್ದವು. ನಿನ್ನೆ ಯಾರೋ ತಿಳಿಯದೆ ಒಂದು ಚಿಪ್ಪು ಬಾಳೆಕಾಯಿ ತಂದಿದ್ದರು, ಪಚ್ಚೆಹಸಿರು. ಇವತ್ತು ಅದು ಹಳದಿ.

ಅವನಿಗೆ ತನ್ನ ಅವ್ವ ನೆನಪಾದಳು. ಅವ್ವ ಬಾಳೆಗೊನೆ ಇಳಿಸಿದರೆ ಕಾಯಿಯನ್ನೆಲ್ಲ ಮಣ್ಣಿನ ವಾಡೆಯೊಳಗೆ ಇಟ್ಟು, ನಡುವೆ ಒಂದೇ ಒಂದು ಕಳಿತ ಹಣ್ಣಿಟ್ಟು ಬಾಯಿ ಮುಚ್ಚುವಳು. "ಹಣ್ಣಿನ ಉಸಿರು ತಾಗಿದರೆ ಕಾಯಿ ಬೇಗ ಮಾಗುತ್ತೆ ಕಣೋ, ತೆಗೀಬೇಡ," ಎನ್ನುವಳು. ಕಾಯಿಯಾದರೆ ಮಾಗಿ ಹಣ್ಣಾಗುತ್ತದೆ. ಹೂ ಮಾಗಿದರೆ ಏನಾಗುತ್ತದೆ?

ಮುದ್ದೀರ ಎದ್ದ. "ರುದ್ರೋಜಣ್ಣ, ಈ ಹಣ್ಣನ್ನೆಲ್ಲ ಹೊರಗೆ ಹಾಕೋಣ."

"ತಲೆ ಕೆಟ್ಟಿದೆಯೇನೋ? ಹೂವಿನ ಪಕ್ಕದ ಹಣ್ಣು ತೆಗೆಯೋದಾ? ಇದೊಂದು ಅಪಶಕುನ ಬಾಕಿಯಿತ್ತಾ?"

ಆದರೂ ಮುದ್ದೀರ ಮಂಕರಿಯಲ್ಲಿ ಹಣ್ಣು ತುಂಬಿ ಅಂಗಳಕ್ಕೆ ಸುರಿದ. ಬೆಳ್ಳಿತಟ್ಟೆಯ ಬಾಳೆಹಣ್ಣನ್ನು ಗೋಡೆಯಾಚೆ ಎಸೆದ. ತಿರುಗಿ ನೋಡಿದರೆ ಅದು ಹೂದಾನಿಯ ಪಕ್ಕದಲ್ಲೇ ಇತ್ತು. ಬಾವಿಗೆ ಹಾಕಿದ. ಪಕ್ಕದಲ್ಲೇ ಇತ್ತು. ಆಗ ಗಮನಿಸಿದ: ಬಂದ ದಿನ ಹೇಗಿತ್ತೋ ಹಣ್ಣು ಇವತ್ತೂ ಹಾಗೇ ಇದೆ. ಒಂದು ಕಪ್ಪು ಚುಕ್ಕೆಯಿಲ್ಲ. ಉಳಿದದ್ದನ್ನೆಲ್ಲ ಮಾಗಿಸುತ್ತಲೇ ಇದೆ, ತಾನು ಕೊಳೆಯುತ್ತಿಲ್ಲ.

ಅಷ್ಟರಲ್ಲಿ ದೊರೆ, ಮಂತ್ರಿ, ಓಲಗದವರೆಲ್ಲ ಬಂದರು. ತುದಿಮೊಗ್ಗು ಬಾಡುತ್ತಿರುವ ಸುದ್ದಿ ತಲುಪಿತ್ತು. ಎಲ್ಲರ ಹಿಂದೆ ವ್ಯಾಪಾರಿ, ಈಗ ಇಪ್ಪತ್ತರ ಗಂಡಿನಂತೆ ಕಾಣುತ್ತಿದ್ದ. ದೊರೆ ಮಗಳ ತಲೆ ನೇವರಿಸುತ್ತಾ ಕಣ್ಣೊರೆಸಿಕೊಂಡ. ವ್ಯಾಪಾರಿ ಕೈ ಮುಗಿದು, "ಏನು ಮಾಡಲಿ ದೊರೆ, ನನ್ನ ಬಾಳೇ ಅಮ್ಮಣ್ಣಿಯ ಪಕ್ಕದಲ್ಲಿಟ್ಟಿದ್ದೇನೆ," ಎಂದ.

ತುಟಿಯ ಕೊನೆಯಲ್ಲಿ ಒಂದಿಷ್ಟು ನಕ್ಕ.

ಆ ನಗು ಯಾರಿಗೂ ಅರ್ಥವಾಗಲಿಲ್ಲ. ಮುದ್ದೀರನಿಗೆ ಆಯಿತು. ಅದು ಅವನದೇ ನಗು. ಕಟ್ಟೆಯ ಮೇಲೆ ಕೂತು ಏಡಿಯನ್ನು ಆನೆ ನುಂಗುವಷ್ಟು ಮಾಡಿದಾಗ ಅವನ ತುಟಿಯಲ್ಲಿ ಇದೇ ಕುಣಿದಿತ್ತು. ಹೇಳದಿದ್ದರೆ ಹೊಟ್ಟೆ ಒಡೆಯುತ್ತದೆ ಎಂಬಂಥ ಜಂಭ ಒಳಗಿದ್ದಾಗ ಬರುವ ನಗು. ಈ ಮನುಷ್ಯ ಬಂದ ದಿನದಿಂದ ಎಲ್ಲರ ಮುಂದೆ ಜಂಭ ಕೊಚ್ಚಿಕೊಳ್ಳುತ್ತಿದ್ದಾನೆ, ನಾವು ವಿನಯ ಎಂದುಕೊಂಡಿದ್ದೇವೆ! ಬಾಳೆ ಅಲ್ಲ. ಬಾಳೇ. ಅವನ ಬಾಳೇ ಆ ಬಾಳೆಯಲ್ಲಿದೆ.

ಮುದ್ದೀರ ಬಾಯಿ ತೆರೆದ. ಮುಚ್ಚಿದ. ಹೇಳಿದರೆ ನಂಬುವವರು ಯಾರು? ಈ ಬಾಯನ್ನು? ಬಾಡಲ್ಲ ಎಂದ ಬಾಯಿ ಇದೇ. ವಿವರಿಸುತ್ತಾ ನಿಂತರೆ ಮೊಗ್ಗು ಉದುರುತ್ತದೆ. ಎಸೆದರೆ ಹಣ್ಣು ವಾಪಸ್ಸು ಬರುತ್ತದೆ. ವಾಪಸ್ಸು ಬರಲಾಗದ ಜಾಗ ಒಂದೇ ಒಂದಿತ್ತು.

ಅವನು ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಾಳೆಹಣ್ಣನ್ನು ಎತ್ತಿ, ಸಿಪ್ಪೆ ಸಮೇತ ಕಚ್ಚಿದ.

ಕೋಣೆಯೆಲ್ಲ ಹಾ ಎಂದಿತು.

"ಥೂ ನಿನ್ನ! ಸಾಯೋ ಮಗುವಿನ ಮುಂದಿನ ಹಣ್ಣು ಕಣೋ ಅದು!"

"ಹೊಟ್ಟೆಬಾಕ! ಕೊಯ್ದವನೂ ಇವನೇ, ತಿನ್ನೋನೂ ಇವನೇ!"

"ಮುದ್ದೀರ, ಬೇಡವೋ," ಎಂದು ರುದ್ರೋಜಿ ಅತ್ತೇಬಿಟ್ಟ.

ಮುದ್ದೀರ ಅಗಿದ. ನಾಚಿಕೆಗೆ ಕಿ‌ವಿ ಕಾದ ಬಾಣಲೆಯಾಗಿತ್ತು. ಇಡೀ ರಾಜ್ಯ ನೋಡುತ್ತಿತ್ತು, ಅಮ್ಮಣ್ಣಿಯೂ ನೋಡುತ್ತಿದ್ದಳು. ಒಂದು ಮಾತು ಹೇಳಿ ಬಿಡಿಸಿಕೊಳ್ಳೋಣ ಎಂದರೆ ಬಾಯಿ ತುಂಬಿತ್ತು. ಹಣ್ಣು ಬೂದಿಯಂತಿತ್ತು, ಯಾರ‍್ಯಾರದೋ ವರ್ಷಗಳ ರುಚಿ ಅದರಲ್ಲಿತ್ತು. ದೊರೆಯ ಕತ್ತಿಯ ತಣ್ಣನೆಯ ಅಂಚು ಕುತ್ತಿಗೆಗೆ ತಾಗಿತು. ಕತ್ತು ಹೇಗೂ ಬಗ್ಗಿಯೇ ಇತ್ತು. ಅವನು ತಲೆ ಎತ್ತಲಿಲ್ಲ. ಕಡೆಯ ತುತ್ತನ್ನು ನುಂಗಿದ.

"ನನ್ನ ಬಾಳೆ!" ಎಂದು ವ್ಯಾಪಾರಿ ಚೀರಿದ. ಆಮೇಲೆ, "ನನ್ನ ಬಾಳು!" ಎಂದ.

ಕತ್ತಿ ನಿಂತಿತು. ಎಲ್ಲರೂ ತಿರುಗಿದರು. ವ್ಯಾಪಾರಿಯ ಕಪ್ಪು ಗಡ್ಡ ಬೆಳ್ಳಗಾಯಿತು, ಬೆನ್ನು ಗೂನಾಯಿತು, ಮುಖ ಸುಕ್ಕಾಯಿತು. ನೂರು ವರ್ಷ, ಇನ್ನೂರು ವರ್ಷ ಅವನ ಮೇಲೆ ಧಡಧಡನೆ ಬಿದ್ದವು. ಕಡೆಗೆ ರೇಷ್ಮೆಯ ರುಮಾಲಿನೊಳಗೆ ಒಂದು ಒಣ ಬಾಳೆಲೆ ಉಳಿಯಿತು. ಗಾಳಿ ಅದನ್ನು ಬಾಗಿಲಿನಾಚೆ ಒಯ್ದಿತು. ರುದ್ರೋಜಿಯ ಮೀಸೆ ಬುಡದಿಂದ ತುದಿಗೆ ಕಪ್ಪಾಯಿತು. ಅಮ್ಮಣ್ಣಿಯ ಬಿಳಿ ಎಳೆಗಳು ಮಾಯವಾದವು.

ನಾಚಿಕೆಪಡುವ ಸರದಿ ಈಗ ಅವರದಾಗಿತ್ತು.

"ದೊರೆ, ಮಾತು ಆಮೇಲಾಗಲಿ," ಎಂದ ಮುದ್ದೀರ, ಬಾಯಿ ಒರೆಸಿಕೊಂಡು. "ಈ ಕೋಣೆಗೆ ಬಿಸಿಲು ಹೊಡೆಯುತ್ತೆ. ಹೂದಾನಿಯನ್ನ ಬಾವಿ ಪಕ್ಕದ ತಣ್ಣನೆ ಕೋಣೆಗೆ ಒಯ್ಯಬೇಕು."

ದೊರೆ ಕತ್ತಿ ಕೆಳಗಿಟ್ಟು ಹೂದಾನಿಯನ್ನು ತಾನೇ ಎತ್ತಿಕೊಂಡ. ಬಾವಿಕೋಣೆಯಲ್ಲಿ ಒದ್ದೆಬಟ್ಟೆಯ ಪರದೆ ಕಟ್ಟಿದರು. ಒಳಗೆ ಹಣ್ಣಿಲ್ಲ, ಬಿಸಿಲಿಲ್ಲ, ಗದ್ದಲವಿಲ್ಲ. ಮುದ್ದೀರ ನೀರು ಬದಲಿಸಿದ, ಏಡಿಯ ಚೂರಿನಿಂದ ದಂಟಿನ ಬಾಯನ್ನು ಚೂರೇ ಚೂರು ಕೊಯ್ದ, ಕೊನೆಯ ತೊಟ್ಟು ಜೇನು ಬಿಟ್ಟ, ನಿಂಬೆ ಹಿಂಡಿದ, ಕಾದ.

ಮರುದಿನ ನಡುಮಧ್ಯಾಹ್ನ, ಹುಣಸೆಮರದ ಕೆಳಗೆ ಅವನು ಇಷ್ಟು ವರ್ಷ ನಿದ್ದೆ ಹೊಡೆದಿದ್ದ ಅದೇ ಹೊತ್ತಿನಲ್ಲಿ, ತುದಿಮೊಗ್ಗು ಅರಳಿತು. ಗೋಲಿಯಷ್ಟು ಪುಟ್ಟ ಹೂ. ಅದರ ಘಮ ಎದ್ದು, ಕೋಣೆಯಲ್ಲಿ ಒಂದು ಸುತ್ತು ಸುತ್ತಿ, ಅಮ್ಮಣ್ಣಿಯ ಎದೆಯೊಳಗೆ ಇಳಿಯಿತು. ಅವಳು ಉದ್ದಕ್ಕೆ ಉಸಿರೆಳೆದುಕೊಂಡಳು. ಆ ಉಸಿರು ಅವಳದೇ ಆಗಿತ್ತು. ಎದ್ದು, ಸೆರಗು ಕಟ್ಟಿ, ಅಂಗಳಕ್ಕೆ ಓಡಿದಳು.

ದೊರೆ ಓಲಗ ಕರೆದ. ಊರೆಲ್ಲ ಸೇರಿತು, ಕೆರೆಯ ಏರಿಯ ಮೇಲೆ ಕೂಗಿದವರೂ ಬಂದರು. ದೊರೆ ಕೇಳಿದ: "ಮುದ್ದೀರ, ಈಗ ಎಲ್ಲರ ಮುಂದೆ ಹೇಳು. ನೀನು ಕೊಯ್ದ ಹೂ ಬಾಡುವುದಿಲ್ಲವೇ?"

ಹೌದು ಎಂದಿದ್ದರೆ ಅಂದು ಯಾರೂ ನಗುತ್ತಿರಲಿಲ್ಲ.

"ಬಾಡ್ತವೆ ದೊರೆ," ಎಂದ ಮುದ್ದೀರ. "ಇವತ್ತಿನವರೆಗೆ ಕೊಯ್ದದ್ದೆಲ್ಲ ಬಾಡಿವೆ. ನಿಧಾನಕ್ಕೆ ಬಾಡೋ ಹಂಗೆ ನೋಡ್ಕೋಬಹುದು. ಅಷ್ಟೇ ನನಗೆ ಗೊತ್ತಿರೋದು."

ದೊರೆ ಅವನನ್ನು ತೋಟಕ್ಕೆಲ್ಲ ಯಜಮಾನನನ್ನಾಗಿ ಮಾಡಿದ. ಕೆಲಸ ಮುಗಿಸಿದ ಉಸಿರುಹೂ ಒಂದೆರಡು ದಿನದಲ್ಲಿ ಬಾಡಿತು. ಮುದ್ದೀರ ಅದನ್ನು ಗುಂಡಿಗೆ ಹಾಕಗೊಡಲಿಲ್ಲ. ಅಮ್ಮಣ್ಣಿಯೂ ಅವನೂ ಅದನ್ನು ಹಳೆಯ ಗೆಡ್ಡೆಯ ಬುಡಕ್ಕೇ ಹಾಕಿ ಮಣ್ಣು ಮುಚ್ಚಿದರು. ಅಂದಿನಿಂದ ಕೇದಗೆಪುರದಲ್ಲಿ ಹೂವಿನ ತಟ್ಟೆಯೇ ಬೇರೆ, ಹಣ್ಣಿನ ತಟ್ಟೆಯೇ ಬೇರೆ. ಎರಡನ್ನೂ ಇಬ್ಬರು ಹಿಡಿದು, ನಡುವೆ ಮಾರು ದೂರ ಬಿಟ್ಟು ನಡೆಯುತ್ತಾರೆ. ಹೊಸಬರು ಯಾಕೆ ಎಂದು ಕೇಳಿದರೆ ರುದ್ರೋಜಿ ಮೀಸೆ ತಿರುವಿ ಕತೆ ಶುರುಮಾಡುತ್ತಾನೆ. ಅವನ ಕತೆಯಲ್ಲಿ ಏಡಿ ಬೆಟ್ಟದಷ್ಟಿರುತ್ತದೆ.

ಅಮ್ಮಣ್ಣಿ ಮುಂದೆ ರಾಣಿಯಾಗಿ ಬಹುಕಾಲ ಆಳಿದಳು. ದೊರೆ ಮೊಮ್ಮಕ್ಕಳನ್ನು ಆಡಿಸಿದ. ಊರು ತಣ್ಣಗಿತ್ತು, ಕೆರೆ ತುಂಬಿತ್ತು, ಮನೆಮನೆಯ ಹೂದಾನಿಯಲ್ಲೂ ಹೂ ನಾಲ್ಕು ದಿನ ಹೆಚ್ಚಿಗೆ ನಗುತ್ತಿತ್ತು. ಎಲ್ಲರೂ ಸುಖವಾಗಿದ್ದರು. ಮುದ್ದೀರನ ಕತ್ತು ಮಾತ್ರ ಪೂರ್ತಿ ನೆಟ್ಟಗಾಗಲೇ ಇಲ್ಲ.

ಅಮ್ಮಣ್ಣಿ ತೋಟಕ್ಕೆ ಬಂದಾಗೆಲ್ಲ ನಿಂತು ಕೂಗುತ್ತಿದ್ದಳು: "ಸಾಕು ಮುದ್ದೀರ, ತಲೆ ಎತ್ತು ಇನ್ನ!"

"ಇರಲಿ ಬಿಡಿ ಅಮ್ಮಣ್ಣಿ," ಎನ್ನುತ್ತಿದ್ದ ಅವನು, ಹೂದಾನಿಯೊಳಗೆ ಬಗ್ಗಿಕೊಂಡೇ. "ನೀರು ನೋಡ್ತಿದೀನಿ."